ಮರುಭೂಮಿಯ ಹೂವೊಂದರ ಹರ್ಬೇರಿಯಂ ದಾಖಲೆಗಳನ್ನು ಓದುವ ಬಗೆ

ಹರ್ಬೇರಿಯಂ ಎಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯ. ಅಲ್ಲಿನ ದಾಖಲೆ ಎಂದರೆ, ಯಾರೋ ಒಬ್ಬರು ಒಂದು ದಿನ ಒಂದು ಜಾಗದಲ್ಲಿ ಗಿಡವೊಂದನ್ನು ಕಿತ್ತು, ಕಾಗದಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಚೀಟಿ ಬರೆದಿಟ್ಟದ್ದಕ್ಕೆ ಉಳಿದಿರುವ ಸಾಕ್ಷ್ಯ. ಆ ಗಿಡ ಎಲ್ಲೆಲ್ಲಿ ಬೆಳೆಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಆ ದಿನ ಆ ಸಂಗ್ರಾಹಕರು ಎಲ್ಲಿ ನಿಂತಿದ್ದರು ಎಂಬುದನ್ನಷ್ಟೇ ಹೇಳುತ್ತದೆ. ಈ ವ್ಯತ್ಯಾಸವನ್ನು ಮರೆತು ದತ್ತಸಂಚಯದ ಸಾಲುಗಳನ್ನು ಹಾಗೆಯೇ ನಕ್ಷೆಯ ಮೇಲೆ ಚುಕ್ಕೆಗಳಾಗಿ ಹಾಕಿದರೆ, ನೋಡಲು ಚೆನ್ನಾಗಿರುವ, ಆದರೆ ನಂಬಲಾಗದ ನಕ್ಷೆಯೊಂದು ಸಿದ್ಧವಾಗುತ್ತದೆ. ಅಮೆರಿಕದ ನೈಋತ್ಯ ಮರುಭೂಮಿಗಳ ಒಂದು ಕಾಡುಹೂವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಇಂಥ ದಾಖಲೆಗಳನ್ನು ಕಲೆಹಾಕಿ, ಪರಿಶೀಲಿಸಿ, ಬಳಕೆಗೆ ಯೋಗ್ಯವಾಗಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಗಿಡವನ್ನು ತಿಳಿಯಿರಿ

ಹೂವಿನ ವೈಜ್ಞಾನಿಕ ಹೆಸರು ಅಬ್ರೋನಿಯಾ ವಿಲ್ಲೋಸಾ. ಅಲ್ಲಿಯ ಜನ ಇದನ್ನು ಡೆಸರ್ಟ್ ಸ್ಯಾಂಡ್ ವರ್ಬಿನಾ ಎನ್ನುತ್ತಾರೆ. ಆದರೆ ವರ್ಬಿನಾ ಗಿಡಗಳಿಗೂ ಇದಕ್ಕೂ ನಂಟಿಲ್ಲ, ಇದು ಸಂಜೆಮಲ್ಲಿಗೆ ಮತ್ತು ಬೋಗನ್‌ವಿಲ್ಲಾಗಳ ಕುಟುಂಬಕ್ಕೆ ಸೇರಿದ್ದು. ಕ್ಯಾಲಿಫೋರ್ನಿಯಾ, ನೆವಾಡಾ ಮತ್ತು ಅರಿಜೋನಾಗಳ ಮರಳು ನೆಲದಲ್ಲಿಯೂ, ಗಡಿಯಾಚೆ ಮೆಕ್ಸಿಕೋದ ಸೊನೋರಾ ಮತ್ತು ಬಾಹಾ ಕ್ಯಾಲಿಫೋರ್ನಿಯಾಗಳಲ್ಲಿಯೂ ನೆಲಕ್ಕೆ ಹರಡಿಕೊಂಡು ಬೆಳೆಯುತ್ತದೆ. ಸೆರೆನೊ ವಾಟ್ಸನ್ ಎಂಬ ಸಸ್ಯವಿಜ್ಞಾನಿ 1873ರಲ್ಲಿ ಇದಕ್ಕೆ ಈ ಹೆಸರಿಟ್ಟರು. ವಿಲ್ಲೋಸಾ ಎಂದರೆ ಲ್ಯಾಟಿನ್‌ನಲ್ಲಿ ರೋಮಭರಿತ ಎಂದರ್ಥ, ಮತ್ತು ಆ ರೋಮಗಳೇ ಹಾಳೆಯನ್ನು ಓದುವವರಿಗೆ ಸಿಗುವ ಮೊದಲ ಸುಳಿವು. ಅವುಗಳ ತುದಿಯಲ್ಲಿ ಅಂಟುಗ್ರಂಥಿಗಳಿರುವುದರಿಂದ ಗಿಡ ಬೆಳೆದ ನೆಲದ ಮರಳು ಕಾಂಡಕ್ಕೂ ಎಲೆಯಂಚಿಗೂ ಕಚ್ಚಿಕೊಂಡಿರುತ್ತದೆ. ಎಷ್ಟೋ ವರ್ಷಗಳ ಹಿಂದೆ ಒತ್ತಿದ ಹಾಳೆಯ ಚಿತ್ರವನ್ನು ಹಿಗ್ಗಿಸಿ ನೋಡಿದಾಗಲೂ ಆ ಕಣಗಳು ಕಾಣುವುದುಂಟು. ಚೀಟಿಯಲ್ಲಿ ನೆಲದ ಬಗ್ಗೆ ಒಂದು ಮಾತೂ ಇಲ್ಲದಿದ್ದರೂ ಗಿಡವೇ ತನ್ನ ನೆಲದ ತುಣುಕನ್ನು ಹೊತ್ತು ತಂದಿರುತ್ತದೆ.

ಹೆಸರಿಟ್ಟ ವರ್ಷವನ್ನು ನೆನಪಿಡುವುದು ಹುಡುಕಾಟಕ್ಕೆ ಬೇಕೇ ಬೇಕು. 1873ಕ್ಕಿಂತ ಹಿಂದಿನ ಹಾಳೆಯ ಮೂಲ ಚೀಟಿಯಲ್ಲಿ ಈ ಹೆಸರು ಇರಲು ಸಾಧ್ಯವೇ ಇಲ್ಲ; ಕುಲದ ಹೆಸರು ಮಾತ್ರ ಇರಬಹುದು, ಇಲ್ಲವೇ ಹತ್ತಿರದ ಬೇರೊಂದು ಪ್ರಭೇದದ ಹೆಸರು ಇರಬಹುದು. ಆದ್ದರಿಂದ ಈಗಿನ ಹೆಸರಿನ ಜೊತೆಗೆ ಹಳೆಯ ಪರ್ಯಾಯ ಹೆಸರುಗಳಿಂದಲೂ, ಪ್ರಭೇದ ಗುರುತಿಸದೆ ಕುಲದ ಹೆಸರಿನಲ್ಲೇ ಉಳಿದ ದಾಖಲೆಗಳಲ್ಲಿಯೂ ಹುಡುಕಿ. ಇದರಲ್ಲಿ ಆರಿಟಾ ಎಂಬ ಒಳಭೇದವೊಂದಿದೆ. ಲೆರಾಯ್ ಏಬ್ರಮ್ಸ್ ಅದನ್ನು ಪ್ರತ್ಯೇಕ ಪ್ರಭೇದವೆಂದು ವರ್ಣಿಸಿದ್ದರು, ಮುಂದೆ ವಿಲ್ಲಿಸ್ ಜೆಪ್ಸನ್ ಅದನ್ನು ವಿಲ್ಲೋಸಾದ ಒಳಗೆ ತಂದರು. ದಕ್ಷಿಣ ಕ್ಯಾಲಿಫೋರ್ನಿಯಾದ ಒಳನಾಡಿನ ಕುರುಚಲು ಕಾಡಿನ ಮರಳಿನಲ್ಲಿ ಬೆಳೆಯುವ ಈ ಒಳಭೇದ ಅಪರೂಪದ ಸಸ್ಯಗಳ ಪಟ್ಟಿಯಲ್ಲಿದೆ. ಅದರ ದಾಖಲೆಗಳನ್ನು ಆರಂಭದಿಂದಲೇ ಬೇರೆ ಗುರುತು ಹಾಕಿ ಇಟ್ಟುಕೊಳ್ಳಿ. ಕಾರಣ ಕೊನೆಯಲ್ಲಿ ಬರುತ್ತದೆ.

ದಾಖಲೆಗಳನ್ನು ಕಲೆಹಾಕುವುದು

ಈ ಹಂತ ಸುಲಭ. ಕ್ಯಾಲಿಫೋರ್ನಿಯಾದ ಸಂಗ್ರಹಗಳಿಗೆ ಕನ್ಸಾರ್ಟಿಯಂ ಆಫ್ ಕ್ಯಾಲಿಫೋರ್ನಿಯಾ ಹರ್ಬೇರಿಯಾ ಎಂಬ ಒಕ್ಕೂಟದ ಜಾಲತಾಣವಿದ್ದು, ಅದರಲ್ಲಿ 20 ಲಕ್ಷಕ್ಕೂ ಮೀರಿದ ಮಾದರಿಗಳ ವಿವರಗಳಿವೆ. ಅರಿಜೋನಾ ಮತ್ತು ಸುತ್ತಲಿನ ಪ್ರದೇಶಕ್ಕೆ ಸೈನೆಟ್ ಎಂಬ ಇಂಥದೇ ಜಾಲತಾಣವಿದೆ. ಬೇರೆ ದೇಶಗಳಿಗೆ ಹೋಗಿ ಸೇರಿದ ಹಾಳೆಗಳಿಗಾಗಿ ಜಿಬಿಐಎಫ್ ಎಂಬ ಜಾಗತಿಕ ಜಾಲವನ್ನು ನೋಡಬೇಕು. ಜಿಬಿಐಎಫ್‌ನಲ್ಲಿ ಒಂದು ಎಚ್ಚರಿಕೆ ಅಗತ್ಯ: ಅಲ್ಲಿ ಒಣಗಿಸಿಟ್ಟ ಮಾದರಿಗಳ ಜೊತೆಯಲ್ಲೇ ಮೊಬೈಲ್‌ನಲ್ಲಿ ತೆಗೆದ ಚಿತ್ರಗಳ ಆಧಾರದ ವೀಕ್ಷಣೆಗಳೂ ಇರುತ್ತವೆ. ದಾಖಲೆಯ ಆಧಾರ ಎಂಬ ಕಲಂನಲ್ಲಿ ಸಂರಕ್ಷಿತ ಮಾದರಿ ಎಂದಿರುವುದನ್ನು ಮಾತ್ರ ಆಯ್ದುಕೊಳ್ಳಿ. ವೀಕ್ಷಣೆಗಳು ಕೀಳೆಂದಲ್ಲ; ಆದರೆ ಹಾಳೆಯನ್ನು ಮತ್ತೆ ತೆಗೆದು ಪರೀಕ್ಷಿಸಬಹುದು, ಚಿತ್ರದಲ್ಲಿ ಕಾಣದ ಭಾಗವನ್ನು ಪರೀಕ್ಷಿಸಲಾಗದು.

ಇಳಿಸಿಕೊಂಡ ಕಡತವನ್ನು ತಿದ್ದದೆ ಹಾಗೆಯೇ ಒಂದು ಕಡೆ ಕಾಪಾಡಿ, ಅದರ ಪ್ರತಿಯ ಮೇಲೆ ಕೆಲಸ ಮಾಡಿ. ಜಿಬಿಐಎಫ್ ಪ್ರತಿ ಇಳಿಕೆಗೂ ಒಂದು ಡಿಒಐ ಸಂಖ್ಯೆ, ಅಂದರೆ ಆ ಕಡತವನ್ನು ಗುರುತಿಸುವ ಶಾಶ್ವತ ಸಂಖ್ಯೆ, ಕೊಡುತ್ತದೆ. ಅದನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ. ಪ್ರತಿಯಲ್ಲೂ ಮೂಲ ಕಲಂಗಳನ್ನು ಅಳಿಸಬೇಡಿ. ನಿಮ್ಮ ತಿದ್ದುಪಡಿಗೆ ಪಕ್ಕದಲ್ಲಿ ಹೊಸ ಕಲಂ ಮಾಡಿ, ಅದರಾಚೆ ತಿದ್ದಲು ಕಾರಣವೇನೆಂದು ಬರೆಯಲು ಇನ್ನೊಂದನ್ನು ಇಟ್ಟುಕೊಳ್ಳಿ. ಆರು ತಿಂಗಳ ನಂತರ ಏಕೆ ಬದಲಿಸಿದೆವೆಂಬುದು ನಮಗೇ ನೆನಪಿರುವುದಿಲ್ಲ.

ಹಾಳೆಯ ಮೇಲಿನ ಮೂರು ಸಂಖ್ಯೆಗಳು

ಒಂದು ಹಾಳೆಯ ಮೇಲೆ ಸಾಮಾನ್ಯವಾಗಿ ಮೂರು ಬಗೆಯ ಸಂಖ್ಯೆಗಳಿರುತ್ತವೆ, ಹೊಸಬರು ಅವುಗಳನ್ನು ಒಂದಕ್ಕೊಂದು ಬೆರೆಸಿಬಿಡುತ್ತಾರೆ. ಬಾರ್‌ಕೋಡ್ ಆ ಹಾಳೆಯೊಂದಕ್ಕೇ ಸೇರಿದ್ದು. ಮೊಹರಿನಲ್ಲಿ ಒತ್ತಿದ ಪ್ರವೇಶ ಸಂಖ್ಯೆ ಸಂಸ್ಥೆಯ ಖಾತೆಪುಸ್ತಕದ್ದು. ಚೀಟಿಯಲ್ಲಿ ಸಂಗ್ರಾಹಕರ ಹೆಸರಿನ ಪಕ್ಕದಲ್ಲಿರುವ ಸಂಖ್ಯೆ ಅವರ ಸ್ವಂತ ಕ್ರಮಸಂಖ್ಯೆ, ಮತ್ತು ನಮ್ಮ ಕೆಲಸಕ್ಕೆ ಹೆಚ್ಚು ಬೆಲೆಬಾಳುವುದು ಇದೇ.

ಕಾರಣ ಇಷ್ಟು. ಸಂಗ್ರಾಹಕರು ಒಂದೇ ಜಾಗದಲ್ಲಿ ಒಂದೇ ಪ್ರಭೇದದ ಹಲವು ಗಿಡಗಳನ್ನು ಒತ್ತಿ, ಒಂದೇ ಸಂಖ್ಯೆಯಡಿ ಬೇರೆ ಬೇರೆ ಹರ್ಬೇರಿಯಂಗಳಿಗೆ ಕಳುಹಿಸುವುದು ಹಿಂದಿನಿಂದ ಬಂದ ಪದ್ಧತಿ. ಒಂದು ಪ್ರತಿ ಬರ್ಕ್ಲಿಯ ಜೆಪ್ಸನ್ ಹರ್ಬೇರಿಯಂನಲ್ಲಿ, ಇನ್ನೊಂದು ಸ್ಯಾನ್ ಡಿಯಾಗೊ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ, ಮತ್ತೊಂದು ನ್ಯೂಯಾರ್ಕ್‌ನಲ್ಲಿ ಇರಬಹುದು. ದತ್ತಸಂಚಯದಲ್ಲಿ ಇವು ಮೂರು ಸಾಲುಗಳು. ನಿಜದಲ್ಲಿ ಒಂದೇ ಸಂಗ್ರಹ. ಸಂಗ್ರಾಹಕ, ಸಂಖ್ಯೆ, ದಿನಾಂಕ ಈ ಮೂರೂ ಹೊಂದಿದರೆ ಅವುಗಳನ್ನು ಒಂದು ಗುಂಪಿಗೆ ಸೇರಿಸಿ. ಆದರೆ ಹೆಚ್ಚುವರಿ ಸಾಲುಗಳನ್ನು ಅಳಿಸಬೇಡಿ, ಏಕೆಂದರೆ ಒಂದು ಪ್ರತಿಯ ಚೀಟಿಯನ್ನು ಯಾರೋ ತಪ್ಪಾಗಿ ಬೆರಳಚ್ಚಿಸಿದ್ದರೆ ಇನ್ನೊಂದು ಪ್ರತಿಯೇ ಅದನ್ನು ತಿದ್ದುತ್ತದೆ.

ಸಂಸ್ಥೆಗಳ ಸಂಕೇತಾಕ್ಷರಗಳ ಬಗ್ಗೆ ಒಂದು ಮಾತು. ಸಂಸ್ಥೆಯ ಹೆಸರು ಬದಲಾದರೂ ಸಂಕೇತ ಬದಲಾಗದೆ ಉಳಿಯಬಹುದು. ಕ್ಲೇರ್‌ಮಾಂಟ್‌ನ ಕ್ಯಾಲಿಫೋರ್ನಿಯಾ ಬೊಟಾನಿಕ್ ಗಾರ್ಡನ್ 2020ರವರೆಗೆ ರಾಂಚೊ ಸಾಂಟಾ ಆನಾ ಬೊಟಾನಿಕ್ ಗಾರ್ಡನ್ ಆಗಿತ್ತು. ಅದರ ಹರ್ಬೇರಿಯಂ ಇಂದಿಗೂ ಆರ್‌ಎಸ್‌ಎ ಎಂಬ ಹಳೆಯ ಸಂಕೇತವನ್ನೇ ಬಳಸುತ್ತದೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಹೆಸರಿಗಿಂತ ಸಂಕೇತವನ್ನೇ ಆಧಾರವಾಗಿ ಇಟ್ಟುಕೊಳ್ಳಿ.

ದಿನಾಂಕಗಳು

ಹೂಬಿಡುವ ಕಾಲವನ್ನು ತಿಳಿಯಲು ಬಯಸುವವರು ಜನವರಿ 1 ಎಂಬ ದಿನಾಂಕವನ್ನು ಕಂಡ ಕೂಡಲೇ ಸಂಶಯಪಡಬೇಕು. ಚೀಟಿಯಲ್ಲಿ ವರ್ಷ ಮಾತ್ರ ಇದ್ದಾಗ ಕೆಲವು ದತ್ತಸಂಚಯಗಳು ಖಾಲಿ ಜಾಗವನ್ನು 01-01 ಎಂದು ತುಂಬಿಬಿಡುತ್ತವೆ. ತಿಂಗಳು ಮಾತ್ರ ಇದ್ದರೆ ಆ ತಿಂಗಳ ಮೊದಲ ದಿನ ಬಂದು ಕೂರುತ್ತದೆ. ಮುಖ್ಯವಾಗಿ ಫೆಬ್ರವರಿಯಿಂದ ಮೇ ತನಕ ಹೂಬಿಡುವ ಗಿಡಕ್ಕೆ ಇಂಥ ಹತ್ತಾರು ಸಾಲುಗಳು ಸೇರಿದರೆ, ಮರುಭೂಮಿಯಲ್ಲಿ ಹೂವು ಮುಂಚಿತವಾಗಿ ಅರಳುತ್ತಿದೆ ಎಂಬ ಸುಳ್ಳು ತೀರ್ಮಾನಕ್ಕೆ ದಾರಿಯಾಗುತ್ತದೆ. ಚೀಟಿಯಲ್ಲಿದ್ದಂತೆಯೇ ದಿನಾಂಕವನ್ನು ನಕಲಿಸಿದ ಕಲಂ ಇದ್ದರೆ ಅದರೊಂದಿಗೆ ಹೋಲಿಸಿ. ಇಲ್ಲದಿದ್ದರೆ ಹಾಳೆಯ ಚಿತ್ರವನ್ನೇ ತೆರೆಯಿರಿ.

ಕೈಬರಹದಲ್ಲಿ ಇನ್ನೊಂದು ತೊಡಕಿದೆ. ಇಂಗ್ಲಿಷ್‌ನಲ್ಲಿ ಮಾರ್ಚ್ ತಿಂಗಳ ಮೂರಕ್ಷರದ ಸಂಕ್ಷೇಪಕ್ಕೂ ಮೇ ತಿಂಗಳ ಹೆಸರಿಗೂ ಕೊನೆಯ ಅಕ್ಷರವೊಂದೇ ವ್ಯತ್ಯಾಸ, ಅವಸರದ ಬರಹದಲ್ಲಿ ಅದೂ ಅಳಿದುಹೋಗಿರುತ್ತದೆ. ಆಗ ಅದೇ ಸಂಗ್ರಾಹಕರ ಅಕ್ಕಪಕ್ಕದ ಸಂಖ್ಯೆಗಳನ್ನು ಹುಡುಕಿ. ನಿಮ್ಮ ಹಾಳೆಯ ಸಂಖ್ಯೆ 4221 ಆಗಿದ್ದು, 4210 ಮಾರ್ಚ್ 28ರಂದೂ 4230 ಮಾರ್ಚ್ 30ರಂದೂ ಸಂಗ್ರಹವಾಗಿದ್ದರೆ, ನಡುವಿನದು ಮೇ ತಿಂಗಳಲ್ಲಿ ಆಗಿರಲಾರದು. ಬೇರೆ ಪ್ರಭೇದಗಳ ಹಾಳೆಗಳನ್ನೂ ಸೇರಿಸಿ ಒಬ್ಬ ಸಂಗ್ರಾಹಕರ ದಾಖಲೆಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ಅವರ ಪ್ರಯಾಣದ ದಾರಿಯೇ ಕಣ್ಣೆದುರು ತೆರೆದುಕೊಳ್ಳುತ್ತದೆ: ಬೆಳಗ್ಗೆ ಯಾವ ಕಣಿವೆ, ಸಂಜೆ ಯಾವ ಚಿಲುಮೆಯ ಬಳಿ ಬಿಡಾರ ಎಂಬುದೂ ತಿಳಿಯುತ್ತದೆ. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ, ಮತ್ತು ಅತಿ ಹೆಚ್ಚು ತಪ್ಪುಗಳನ್ನು ಹಿಡಿದುಕೊಟ್ಟದ್ದೂ ಇದೇ. ಎಲ್ಲರೂ ಜಾಗದಲ್ಲೇ ಸಂಖ್ಯೆ ಹಾಕುತ್ತಿರಲಿಲ್ಲ, ಕೆಲವರು ಮರಳಿದ ನಂತರ ಕುಟುಂಬವಾರು ಜೋಡಿಸಿ ಸಂಖ್ಯೆ ಕೊಡುತ್ತಿದ್ದರು. ಹಾಗಾಗಿ ಸಂಖ್ಯೆ ಏರಿದಂತೆ ದಿನಾಂಕವೂ ಏರುತ್ತಿದೆಯೇ ಎಂದು ಮೊದಲು ನೋಡಿಕೊಂಡು, ಆಮೇಲೆ ಈ ಉಪಾಯವನ್ನು ನಂಬಿ.

ಸ್ಥಳಗಳು

ಒಂದು ಕಲ್ಪಿತ ಚೀಟಿಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಇಷ್ಟೇ ಇದೆ: ಕೊಲೊರಾಡೋ ಮರುಭೂಮಿ, ಸ್ಯಾನ್ ಡಿಯಾಗೊ ಕೌಂಟಿ, ಮರಳು ಬಯಲು, 3-4-98.

ಕೊಲೊರಾಡೋ ಮರುಭೂಮಿ ಕೊಲೊರಾಡೋ ರಾಜ್ಯದಲ್ಲಿಲ್ಲ. ಸೊನೋರಾ ಮರುಭೂಮಿಯ ಆಗ್ನೇಯ ಕ್ಯಾಲಿಫೋರ್ನಿಯಾ ಭಾಗಕ್ಕೆ, ಕೊಲೊರಾಡೋ ನದಿಯಿಂದಾಗಿ ಬಂದ ಹೆಸರು ಅದು. ಯಂತ್ರದ ಮೂಲಕ ಸ್ಥಳನಿರ್ದೇಶ ಮಾಡಿದರೆ ಚುಕ್ಕೆ ಸುಮಾರು ಸಾವಿರ ಕಿಲೋಮೀಟರ್ ದೂರ ಹೋಗಿ ಬೀಳುವ ಅಪಾಯವಿದೆ. ಮುಂದಿನದು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಭಾಗ. 98 ಎಂದರೆ 1898 ಎಂದು ಕಾಗದ, ಶಾಯಿ, ಸಂಗ್ರಾಹಕರ ಜೀವಿತಾವಧಿಗಳಿಂದ ಖಚಿತವಾಯಿತು ಎಂದುಕೊಳ್ಳಿ. ಇಂದಿನ ಇಂಪೀರಿಯಲ್ ಕೌಂಟಿ ಹುಟ್ಟಿದ್ದು 1907ರಲ್ಲಿ. ಅಲ್ಲಿಯವರೆಗೆ ಆ ನೆಲವೆಲ್ಲ ಸ್ಯಾನ್ ಡಿಯಾಗೊ ಕೌಂಟಿಯದ್ದೇ ಆಗಿತ್ತು. ರಿವರ್‌ಸೈಡ್ ಕೌಂಟಿ 1893ರಲ್ಲೇ ಬೇರೆಯಾಗಿದ್ದರಿಂದ, ಕೋಚೆಲ್ಲಾ ಕಣಿವೆಯ ಕಡೆಯ ಮರಳುಗಾಡನ್ನು ನಮ್ಮ ಲೆಕ್ಕದಿಂದ ಹೊರಗಿಡಬಹುದು. ಆದರೂ ಬೊರ್ರೆಗೊ ಬಯಲಿನಿಂದ ಕೊಲೊರಾಡೋ ನದಿಯವರೆಗೆ ಪೂರ್ವ ಪಶ್ಚಿಮವಾಗಿ 150 ಕಿ.ಮೀ.ಗೂ ಹೆಚ್ಚಿನ ಹರವು ಉಳಿಯುತ್ತದೆ. ಇಂಥ ದಾಖಲೆಗೆ ನಡುವಿನಲ್ಲೊಂದು ಬಿಂದು ಕೊಡಬಹುದು, ಆದರೆ ಅದರೊಂದಿಗೆ ಅನಿಶ್ಚಿತತೆಯ ತ್ರಿಜ್ಯವನ್ನು, ಅಂದರೆ ನಿಜವಾದ ಜಾಗ ಆ ಬಿಂದುವಿನಿಂದ ಹೆಚ್ಚೆಂದರೆ ಎಷ್ಟು ದೂರದಲ್ಲಿರಬಹುದು ಎಂಬುದನ್ನು, ಕಡ್ಡಾಯವಾಗಿ ಬರೆಯಬೇಕು. ಇಲ್ಲಿ ಅದು 80 ಕಿ.ಮೀ.ಗಿಂತ ಕಡಿಮೆ ಇರಲಾರದು. ಇನ್ನು 3-4 ಎಂಬುದು ಅಮೆರಿಕದ ರೂಢಿಯಂತೆ ಮಾರ್ಚ್ 4, ಬೇರೆ ರೂಢಿಯವರಾದರೆ ಏಪ್ರಿಲ್ 3. ಎರಡೂ ಹೂಬಿಡುವ ಕಾಲದೊಳಗೇ ಬರುವುದರಿಂದ ಗಿಡದ ಸಾಕ್ಷ್ಯ ಇಲ್ಲಿ ನೆರವಾಗುವುದಿಲ್ಲ. ಅದೇ ಸಂಗ್ರಾಹಕರು 12ಕ್ಕಿಂತ ದೊಡ್ಡ ಅಂಕಿಯನ್ನು ಎಲ್ಲಿ ಬರೆಯುತ್ತಿದ್ದರು ಎಂಬುದನ್ನು ಅವರ ಬೇರೆ ಚೀಟಿಗಳಲ್ಲಿ ನೋಡಿಯೇ ತೀರ್ಮಾನಿಸಬೇಕು.

ತ್ರಿಜ್ಯವಿಲ್ಲದ ಬಿಂದುವನ್ನು ನಂಬಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಸ್ಯಾನ್ ಬರ್ನಾರ್ಡಿನೊ ಕೌಂಟಿ ಒಳ್ಳೆಯ ನಿದರ್ಶನ. ಅದರ ವಿಸ್ತಾರ ಸುಮಾರು 52,000 ಚದರ ಕಿ.ಮೀ. ಚೀಟಿಯಲ್ಲಿ ಕೌಂಟಿಯ ಹೆಸರು ಮಾತ್ರ ಇದ್ದಾಗ ಕೆಲವರು ಅದರ ಮಧ್ಯಬಿಂದುವನ್ನೇ ಸ್ಥಳವೆಂದು ದಾಖಲಿಸಿರುತ್ತಾರೆ. ಆ ಬಿಂದು ಮೊಹಾವಿ ಮರುಭೂಮಿಯಲ್ಲೇ ಬೀಳುತ್ತದೆ, ಅಂದರೆ ನಮ್ಮ ಹೂವಿಗೆ ಒಪ್ಪುವ ಸೀಮೆಯಲ್ಲೇ. ಸಮುದ್ರದಲ್ಲಿ ಬಿದ್ದ ಬಿಂದುವನ್ನು ಯಾರಾದರೂ ಹಿಡಿಯುತ್ತಾರೆ. ಸರಿಯಾಗಿ ಕಾಣುವ ಈ ತಪ್ಪು ಬಿಂದು ಯಾರ ಕಣ್ಣಿಗೂ ಬೀಳದೆ ಮುಂದಿನ ಎಲ್ಲ ಲೆಕ್ಕಗಳನ್ನೂ ಕೆಡಿಸುತ್ತದೆ. ಬೇರೆ ಬೇರೆ ಸಂಗ್ರಾಹಕರ ಬೇರೆ ಬೇರೆ ವರ್ಷಗಳ ಹಲವು ದಾಖಲೆಗಳು ಒಂದೇ ಅಕ್ಷಾಂಶ ರೇಖಾಂಶಕ್ಕೆ ಬಂದು ನಿಂತಿದ್ದರೆ ಅದು ಇಂಥ ಮಧ್ಯಬಿಂದುವೇ ಎಂದು ಪರೀಕ್ಷಿಸಿ.

ನೀರಿನಲ್ಲಿ ಬಿದ್ದ ಬಿಂದುವೆಲ್ಲ ತಪ್ಪೂ ಅಲ್ಲ. ಸಾಲ್ಟನ್ ಸರೋವರ ಈಗಿನ ರೂಪ ಪಡೆದದ್ದು 1905ರಿಂದ 1907ರ ನಡುವೆ, ಕೊಲೊರಾಡೋ ನದಿ ನೀರಾವರಿ ಕಾಲುವೆಯನ್ನು ಒಡೆದು ತಗ್ಗಿಗೆ ನುಗ್ಗಿದಾಗ. ಅದಕ್ಕೂ ಹಿಂದಿನ ಸಂಗ್ರಾಹಕರು ಇಂದು ನೀರಡಿಯಲ್ಲಿರುವ ನೆಲದ ಮೇಲೆ ನಡೆದಾಡಿದ್ದಾರೆ. ಆ ತಗ್ಗು ಸಮುದ್ರಮಟ್ಟಕ್ಕಿಂತ ಕೆಳಗಿರುವುದರಿಂದ ಎತ್ತರದ ಕಲಂನಲ್ಲಿ ಋಣ ಚಿಹ್ನೆ ಇರುವುದೂ ಸಹಜ. ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ತಗ್ಗು ಸಮುದ್ರಮಟ್ಟದಿಂದ 86 ಮೀಟರ್ ಕೆಳಗಿದೆ. ಬೆರಳಚ್ಚಿಸುವಾಗ ಆ ಚಿಕ್ಕ ಗೆರೆ ಬಿಟ್ಟುಹೋಗಿದೆಯೇ, ಅಡಿಗಳಲ್ಲಿದ್ದ ಅಂಕಿ ಮೀಟರ್ ಕಲಂಗೆ ಹಾಗೆಯೇ ಬಂದಿದೆಯೇ ಎಂದು ನೋಡಿ.

20ನೇ ಶತಮಾನದ ಚೀಟಿಗಳಲ್ಲಿ ಟೌನ್‌ಶಿಪ್, ರೇಂಜ್, ಸೆಕ್ಷನ್ ಎಂಬ ಭೂಮಾಪನ ಪದ್ಧತಿಯ ಉಲ್ಲೇಖ ಮೇಲಿಂದ ಮೇಲೆ ಬರುತ್ತದೆ. ಒಂದು ಟೌನ್‌ಶಿಪ್ 6 ಮೈಲಿ ಉದ್ದ, 6 ಮೈಲಿ ಅಗಲದ ಚೌಕ. ಅದರಲ್ಲಿ ಒಂದೊಂದು ಚದರ ಮೈಲಿಯ 36 ಸೆಕ್ಷನ್‌ಗಳು. ಸೆಕ್ಷನ್ ತಿಳಿದಿದ್ದರೆ ಅದರ ನಡುವಿನಿಂದ ಮೂಲೆಯವರೆಗಿನ ದೂರ, ಅಂದರೆ ಸುಮಾರು 1.1 ಕಿ.ಮೀ., ನಿಮ್ಮ ತ್ರಿಜ್ಯ. ಟೌನ್‌ಶಿಪ್ ಮಾತ್ರ ತಿಳಿದಿದ್ದರೆ ಸುಮಾರು 6.8 ಕಿ.ಮೀ. ಈ ಎಣಿಕೆ ಯಾವ ಮೂಲರೇಖೆಯಿಂದ ಆರಂಭವಾಗಿದೆ ಎಂಬುದನ್ನು ಗಮನಿಸದೆ ಮುಂದೆ ಹೋಗಬೇಡಿ. ಮರುಭೂಮಿಯ ದಕ್ಷಿಣ ಭಾಗಕ್ಕೆ ಸ್ಯಾನ್ ಬರ್ನಾರ್ಡಿನೊ ಮೂಲರೇಖೆ, ಉತ್ತರಕ್ಕೆ ಮೌಂಟ್ ಡಿಯಾಬ್ಲೊ ಮೂಲರೇಖೆ. ಒಂದರ ಬದಲು ಇನ್ನೊಂದನ್ನು ಹಿಡಿದರೆ ಅದೇ ಅಂಕಿಗಳು ನೂರಾರು ಕಿಲೋಮೀಟರ್ ಆಚೆಗೆ ಒಯ್ಯುತ್ತವೆ. ಹಳೆಯ ಸ್ಥಳಾಕೃತಿ ನಕ್ಷೆಗಳಿಂದ ತೆಗೆದ ಅಕ್ಷಾಂಶ ರೇಖಾಂಶಗಳು 1927ರ ಉತ್ತರ ಅಮೆರಿಕ ಡೇಟಮ್ ಅನ್ನು, ಅಂದರೆ ಅಕ್ಷಾಂಶ ರೇಖಾಂಶಗಳನ್ನು ಅಳೆಯಲು ಆಗ ಬಳಸುತ್ತಿದ್ದ ಆಧಾರ ಚೌಕಟ್ಟನ್ನು, ಅನುಸರಿಸಿರುತ್ತವೆ. ಈಗಿನ ಪದ್ಧತಿಗೆ ಪರಿವರ್ತಿಸದಿದ್ದರೆ ಕ್ಯಾಲಿಫೋರ್ನಿಯಾದಲ್ಲಿ 100 ಮೀಟರಿನ ಆಸುಪಾಸಿನಲ್ಲಿ ಬಿಂದು ಸರಿಯುತ್ತದೆ. ವಿಶಾಲ ನಕ್ಷೆಗೆ ಇದು ಲೆಕ್ಕಕ್ಕಿಲ್ಲ. ಅದೇ ಮರಳುದಿಬ್ಬವನ್ನು ಹುಡುಕಿ ಹೊರಟವರಿಗೆ ಇದು ದೊಡ್ಡ ದೂರ.

ಗುರುತು ಸರಿಯೇ

ಹಾಳೆಯ ಮೇಲೆ ಮೂಲ ಚೀಟಿಯ ಹೊರತಾಗಿ ಸಣ್ಣ ಸಣ್ಣ ಪಟ್ಟಿಗಳು ಅಂಟಿರುತ್ತವೆ. ಆಮೇಲಿನ ತಜ್ಞರು ಹಾಳೆಯನ್ನು ಮತ್ತೆ ಪರೀಕ್ಷಿಸಿ ತಮ್ಮ ನಿರ್ಣಯವನ್ನೂ ಹೆಸರನ್ನೂ ವರ್ಷವನ್ನೂ ಅದರಲ್ಲಿ ಬರೆದಿರುತ್ತಾರೆ. ಇತ್ತೀಚಿನ ಪಟ್ಟಿಯ ಹೆಸರು ದತ್ತಸಂಚಯಕ್ಕೆ ಏರಿದೆಯೇ ಎಂದು ನೋಡಿ. ಏರಿರದಿದ್ದರೆ ಹಾಳೆಯೇ ಪ್ರಮಾಣ. ಹಾಗೆಂದು ಇತ್ತೀಚಿನದೇ ಯಾವಾಗಲೂ ಸರಿ ಎಂದೇನಿಲ್ಲ, ಆ ಕುಲವನ್ನು ಆಳವಾಗಿ ಅಭ್ಯಾಸ ಮಾಡಿದವರ ಹಳೆಯ ಮಾತಿಗೆ ಹೆಚ್ಚು ತೂಕ ಇರಬಹುದು.

ಅಬ್ರೋನಿಯಾ ಕುಲದಲ್ಲಿ ಗುರುತು ಬಹುಮಟ್ಟಿಗೆ ಕಾಯಿಯ ಮೇಲೆ ನಿಂತಿದೆ. ಈ ಹೂವಿಗೆ ದಳಗಳಿಲ್ಲ. ದಳದಂತೆ ಕಾಣುವ ನಸುನೇರಳೆ ಭಾಗ ಪುಷ್ಪಪಾತ್ರೆ. ಹೂವು ಬಾಡಿದ ಮೇಲೆ ಅದರ ಬುಡ ಗಟ್ಟಿಯಾಗಿ, ಒಳಗಿನ ಫಲವನ್ನು ಸುತ್ತಿಕೊಂಡು, ರೆಕ್ಕೆಗಳುಳ್ಳ ಕಾಯಿಯಾಗುತ್ತದೆ. ಆ ರೆಕ್ಕೆಗಳ ಆಕಾರವನ್ನು ನೋಡದೆ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸುವುದು ಕಷ್ಟ. ಬಣ್ಣವಂತೂ ಒಣಗಿದಾಗ ಮಾಸುವುದರಿಂದ ಚೀಟಿಯಲ್ಲಿ ಬರೆದ ಬಣ್ಣವನ್ನೇ ನೆಚ್ಚಬೇಕು. ಹಾಳೆಯಲ್ಲಿ ಬರೀ ಹೂಗೊಂಚಲು ಕಂಡರೂ ನಿರಾಶರಾಗಬೇಡಿ. ಮೇಲಿನ ಮೂಲೆಯಲ್ಲಿ ಕಾಗದ ಮಡಿಸಿ ಮಾಡಿದ ಸಣ್ಣ ಲಕೋಟೆಯೊಂದಿರುತ್ತದೆ, ಉದುರಿದ ಕಾಯಿಗಳೆಲ್ಲ ಅದರಲ್ಲಿರುತ್ತವೆ. ಚಿತ್ರ ತೆಗೆಯುವಾಗ ಅದನ್ನು ಸಾಮಾನ್ಯವಾಗಿ ತೆರೆದಿರುವುದಿಲ್ಲವಾದ್ದರಿಂದ, ಸಂಶಯದ ಹಾಳೆಗಳಿಗೆ ಸಂಸ್ಥೆಯವರನ್ನು ಕೇಳಿ ಲಕೋಟೆಯೊಳಗಿನ ಕಾಯಿಗಳ ಚಿತ್ರ ತರಿಸಿಕೊಳ್ಳಬಹುದು.

ದಾಖಲೆ ಇಲ್ಲದ ವರ್ಷಗಳು

ಚಳಿಗಾಲದ ಮಳೆ ಕೈಕೊಟ್ಟ ವರ್ಷ ಈ ಗಿಡ ಮೊಳೆಯುವುದೇ ಇಲ್ಲ. ಬೀಜ ಮರಳಿನಲ್ಲಿ ಕಾದು ಮಲಗಿರುತ್ತದೆ. ಆದ್ದರಿಂದ ದಾಖಲೆ ಇಲ್ಲದಿರುವುದು ಗಿಡ ಅಳಿದುದಕ್ಕೆ ಸಾಕ್ಷಿಯಲ್ಲ. ಇನ್ನೊಂದೆಡೆ, ಡೆತ್ ವ್ಯಾಲಿಯಲ್ಲಿ 2005 ಮತ್ತು 2016ರಲ್ಲಿ, ಅನ್ಜಾ ಬೊರ್ರೆಗೊ ಉದ್ಯಾನದಲ್ಲಿ 2017 ಮತ್ತು 2019ರಲ್ಲಿ ಆದಂತೆ ನೆಲವೇ ಹೂವಾದ ವರ್ಷಗಳಲ್ಲಿ ಜನ ಹೆಚ್ಚು ಹೋಗುತ್ತಾರೆ, ದಾಖಲೆಗಳೂ ಹೆಚ್ಚುತ್ತವೆ. ಮಳೆಯೊಂದಿಗೆ ಹೋಲಿಸುವಾಗ ಜನವರಿಯಿಂದ ಡಿಸೆಂಬರ್‌ವರೆಗಿನ ಮಳೆಯನ್ನು ತೆಗೆದುಕೊಂಡರೆ ಹೂವು ಅರಳಿದ ಮೇಲೆ ಬಿದ್ದ ಮಳೆಯೂ ಲೆಕ್ಕಕ್ಕೆ ಸೇರುತ್ತದೆ. ಹಿಂದಿನ ಅಕ್ಟೋಬರ್‌ನಿಂದ ಎಣಿಸುವ ಜಲವರ್ಷವನ್ನೇ ಬಳಸಿ.

ಗಿಡದ ಹೆಚ್ಚುಕಡಿಮೆಯನ್ನೂ ಸಂಗ್ರಾಹಕರ ಹೆಚ್ಚುಕಡಿಮೆಯನ್ನೂ ಬೇರ್ಪಡಿಸಲು ನನಗೆ ತಿಳಿದಿರುವ ಸರಳ ಉಪಾಯವೆಂದರೆ, ಅದೇ ವರ್ಷ ಅದೇ ಪ್ರದೇಶದಲ್ಲಿ ಸಂಗ್ರಹವಾದ ಎಲ್ಲ ಸಸ್ಯಗಳ ದಾಖಲೆಗಳ ಒಟ್ಟು ಸಂಖ್ಯೆಯನ್ನು ತೆಗೆದು, ಅದರಲ್ಲಿ ನಮ್ಮ ಹೂವಿನ ಪಾಲೆಷ್ಟು ಎಂದು ನೋಡುವುದು. ಆಗಲೂ ದಾರಿಯ ಪಕ್ಷಪಾತ ಉಳಿಯುತ್ತದೆ: ಬಿಂದುಗಳ ಮೇಲೆ ರಸ್ತೆಗಳ ನಕ್ಷೆಯನ್ನು ಹರಡಿ ನೋಡಿದರೆ, ಎಷ್ಟೋ ಕಡೆ ಹೂವು ರಸ್ತೆಯನ್ನು ಹಿಡಿದು ನಡೆದಂತೆ ಕಾಣುತ್ತದೆ. 19ನೇ ಶತಮಾನದ ಖಾಲಿ ಜಾಗಗಳಿಗೆ ಮತ್ತೂ ಒಂದು ಕಾರಣವಿದೆ. 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪ ಮತ್ತು ಬೆಂಕಿಯಲ್ಲಿ ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿಯ ಸಸ್ಯಸಂಗ್ರಹದ ಬಹುಭಾಗ ಸುಟ್ಟುಹೋಯಿತು. ಅಲ್ಲಿನ ಸಸ್ಯವಿಜ್ಞಾನಿ ಆಲಿಸ್ ಈಸ್ಟ್‌ವುಡ್ ಮೂಲಮಾದರಿಗಳನ್ನು, ಅಂದರೆ ಪ್ರಭೇದಗಳ ಹೆಸರಿಗೆ ಆಧಾರವಾದ ಹಾಳೆಗಳನ್ನು, ಮುಂಚೆಯೇ ಬೇರೆಯಾಗಿ ಜೋಡಿಸಿಟ್ಟಿದ್ದರಿಂದ ಸುಮಾರು 1,500 ಹಾಳೆಗಳನ್ನು ಹೊರಗೆ ಸಾಗಿಸಿ ಉಳಿಸಿದರು. ಸುಟ್ಟುಹೋದವುಗಳಲ್ಲಿ ಯಾವುದರ ಜೋಡಿ ಪ್ರತಿ ಬೇರೆಡೆ ಇತ್ತೋ ಆ ಗಿಡದ ಸಾಕ್ಷ್ಯ ಇಂದಿಗೂ ಉಳಿದಿದೆ.

ಕಂಡ ತಪ್ಪನ್ನು ತಿಳಿಸುವುದು

ಹೀಗೆ ಹಾಳೆಗಳನ್ನು ನೋಡುತ್ತ ಹೋದರೆ ನಿಮಗೆ ತಪ್ಪುಗಳು ಸಿಕ್ಕೇ ಸಿಗುತ್ತವೆ. ಅವುಗಳನ್ನು ನಿಮ್ಮ ಪಟ್ಟಿಯಲ್ಲಿ ಮಾತ್ರ ತಿದ್ದಿಕೊಂಡು ಸುಮ್ಮನಿರಬೇಡಿ. ಹಾಳೆ ಇರುವ ಸಂಸ್ಥೆಗೆ ಬಾರ್‌ಕೋಡ್, ಈಗ ದಾಖಲೆಯಲ್ಲಿರುವ ಮಾಹಿತಿ, ಇರಬೇಕಾದ ಮಾಹಿತಿ, ನಿಮ್ಮ ಆಧಾರ ಇವಿಷ್ಟನ್ನು ಚುಟುಕಾಗಿ ಬರೆದು ಕಳುಹಿಸಿ. ಒಂದು ಪತ್ರದಲ್ಲಿ ನೂರು ಸಂಶಯಗಳನ್ನು ತುಂಬುವುದಕ್ಕಿಂತ ಖಚಿತವಾದ ಹತ್ತನ್ನು ತಿಳಿಸಿದರೆ ಅವರಿಗೆ ಅನುಕೂಲ.

ಆರಿಟಾ ಒಳಭೇದದ ದಾಖಲೆಗಳನ್ನು ಬೇರೆ ಇಡಲು ಹೇಳಿದ್ದು ಪ್ರಕಟಣೆಯ ಕಾರಣಕ್ಕೆ. ಅಪರೂಪದ ಗಿಡಗಳ ನಿಖರ ಸ್ಥಳವನ್ನು ಹಲವು ಜಾಲತಾಣಗಳು ಬೇಕೆಂದೇ ಮಸುಕುಗೊಳಿಸಿರುತ್ತವೆ, ಏಕೆಂದರೆ ಆ ಅಂಕಿಗಳನ್ನು ಹಿಡಿದು ಗಿಡ ಕೀಳುವವರೂ ಹೋಗಬಹುದು. ಸಂಶೋಧನೆಗಾಗಿ ಸಂಸ್ಥೆಯಿಂದ ನಿಮಗೆ ನಿಖರ ಸ್ಥಳ ದೊರೆತಿದ್ದರೂ, ನಿಮ್ಮ ನಕ್ಷೆಯಲ್ಲಿ ಅದನ್ನು ದೊಡ್ಡ ಚೌಕಗಳಲ್ಲಿ ಮಾತ್ರ ತೋರಿಸಿ, ಹಂಚಿಕೊಳ್ಳುವ ಕಡತದಲ್ಲಿ ದಶಮಾಂಶದ ಅಂಕಿಗಳನ್ನು ಕತ್ತರಿಸಿ, ಕತ್ತರಿಸಿದ್ದೇವೆ ಎಂಬುದನ್ನು ಪಕ್ಕದ ಕಲಂನಲ್ಲಿ ನಮೂದಿಸಿ.